ಮೊದಲ ಬೋರ್ಡಿಗೆ ನಿಮ್ಮದೇ ಫುಟ್‌ಪ್ರಿಂಟ್: ಅಳೆಯಿರಿ, ಬಿಡಿಸಿ, ಕಾಗದದ ಮೇಲೆ ಚುಚ್ಚಿ ನೋಡಿ

ಕಾಸರಗೋಡು ಜಿಲ್ಲೆಯ ಬಾಯಾರು, ಪೆರ್ಲ, ಬದಿಯಡ್ಕದ ಕಡೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರನ್ನೇ ನಂಬಿದ ಮನೆಗಳಲ್ಲಿ ಮಳೆಗಾಲದಲ್ಲಿ ಟಾಂಕಿ ತುಂಬಿ ಹರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರ್ಚ್ ಕಳೆದ ಮೇಲೆ ಕೊಡ ಕೊಡಕ್ಕೂ ಲೆಕ್ಕ. ಮುರಕಲ್ಲಿನ ಗುಡ್ಡದೊಳಗಿಂದ ಸಣ್ಣಗೆ ಬರುವ ನೀರು ಟಾಂಕಿಯಲ್ಲಿ ಎಲ್ಲಿಗೆ ಏರಿದೆ ಎಂದು ಮನೆಯೊಳಗೇ ದೀಪದಲ್ಲಿ ತೋರಿಸುವ, ತುಂಬಿದಾಗ ಬಜರ್ ಕೂಗುವ ಸಣ್ಣ ಸರ್ಕಿಟ್ ಒಂದನ್ನು ಮಾಡಬೇಕೆಂದು ತುಂಬ ಜನ ಹೊರಡುತ್ತಾರೆ. ಮನೆಯಲ್ಲೇ ಮಾಡುವ ಮೊದಲ ಸರ್ಕಿಟ್ ಬೋರ್ಡಿಗೆ (ಪಿ.ಸಿ.ಬಿ.) ಇದು ಬಹಳ ಒಳ್ಳೆಯ ಆಯ್ಕೆ. 12 ವೋಲ್ಟಿನಲ್ಲಿ ನಡೆಯುತ್ತದೆ, ಸಾಮಾನು ಕಡಿಮೆ, ಮಾಡಿದ ಮೇಲೆ ದಿನಾ ಉಪಯೋಗಕ್ಕೆ ಬರುತ್ತದೆ. ಸಣ್ಣ ಸಂಕೇತದಿಂದ ದೀಪ, ರಿಲೇಗಳನ್ನು ನಡೆಸುವ ಯು.ಎಲ್.ಎನ್. 2803 ಎಂಬ 18 ಕಾಲಿನ ಐ.ಸಿ. ಒಂದು, ಎಲ್.ಇ.ಡಿ.ಗಳು, ಅವಕ್ಕೆ ರೆಸಿಸ್ಟರ್‌ಗಳು, ಬಜರ್, ಅಂಗಳದ 12 ವೋಲ್ಟ್ ದೀಪ ಉರಿಸಲು ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಟಾಂಕಿಯಿಂದ ಬರುವ ತಂತಿ ಕಟ್ಟಲು ಸ್ಕ್ರೂ ಟರ್ಮಿನಲ್. ಇಷ್ಟೇ.

ಸರ್ಕಿಟ್ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಕೆಲಸ ನಿಲ್ಲುವುದು ಬೋರ್ಡಿನಲ್ಲಿ. ಬೋರ್ಡಿನ ಮೇಲಿನ ಬೇಡದ ತಾಮ್ರ ಕರಗಿಸಿ, ತೂತು ಕೊರೆದು, ಎಲ್ಲ ಮುಗಿಸಿದ ಮೇಲೆ ರಿಲೇಯ ಕಾಲು ತೂತಿಗೆ ಇಳಿಯುವುದಿಲ್ಲ. ಟರ್ಮಿನಲ್ಲಿನ ಒಂದು ತುದಿ ಕೂರುತ್ತದೆ, ಇನ್ನೊಂದು ತುದಿ ಎದ್ದು ನಿಲ್ಲುತ್ತದೆ. ಐ.ಸಿ.ಯ ಪ್ಯಾಡು, ಅಂದರೆ ಕಾಲನ್ನು ಬೆಸೆಯುವ ತಾಮ್ರದ ಬಿಲ್ಲೆ, ಬೆಸುಗೆ ಹಾಕುವಾಗ ಕಿತ್ತು ಬರುತ್ತದೆ. ಮೂರಕ್ಕೂ ಕಾರಣ ಒಂದೇ, ಫುಟ್‌ಪ್ರಿಂಟ್. ಯಾವ ಬಿಡಿಭಾಗಕ್ಕೆ ಎಷ್ಟು ದೂರದಲ್ಲಿ, ಎಷ್ಟು ದೊಡ್ಡ ತೂತು, ಅದರ ಸುತ್ತ ಎಷ್ಟು ತಾಮ್ರ ಎಂದು ಹೇಳುವ ನಕ್ಷೆ ಅದು. ಅದನ್ನು ನೀವೇ ಬಿಡಿಸಲು ಕಲಿತರೆ ಮನೆಯ ಬೋರ್ಡಿನ ಅರ್ಧ ಕಷ್ಟ ಕಳೆಯಿತು.

ಇಲ್ಲಿ ಹೇಳುವುದೆಲ್ಲ ಸರ್ಕಿಟ್ ಮತ್ತು ಬೋರ್ಡು ಬಿಡಿಸುವ ಕೀಕ್ಯಾಡ್ ಎಂಬ ತಂತ್ರಾಂಶದ ಲೆಕ್ಕದಲ್ಲಿ. ಇದು ಉಚಿತ ಮತ್ತು ಮುಕ್ತ. ಜಾನ್ ಪಿಯರ್ ಶಾರಾ ಎಂಬ ಫ್ರೆಂಚ್ ಅಧ್ಯಾಪಕರು 1992ರಲ್ಲಿ ಶುರುಮಾಡಿದ್ದು. ಮುಂದೆ ಯುರೋಪಿನ ಸರ್ನ್ ಭೌತಶಾಸ್ತ್ರ ಸಂಶೋಧನಾ ಕೇಂದ್ರವೂ ಇದರ ಬೆಳವಣಿಗೆಗೆ ಕೈಜೋಡಿಸಿತು. ಲಿನಕ್ಸ್‌ನಲ್ಲೂ ನಡೆಯುವುದರಿಂದ, ನಮ್ಮ ಜಿಲ್ಲೆಯ ಶಾಲೆಗಳ ಕಂಪ್ಯೂಟರುಗಳಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸ್ ಬಳಸಿ ಬೆಳೆದ ಮಕ್ಕಳಿಗೆ ಇದು ಹೊಸ ಲೋಕ ಎನಿಸಲಾರದು.

ಸಿದ್ಧ ಫುಟ್‌ಪ್ರಿಂಟ್ ಇರುವಾಗ ಹೊಸದು ಏಕೆ?

ಕೀಕ್ಯಾಡ್ ಜೊತೆಗೇ ಸಾವಿರಾರು ಫುಟ್‌ಪ್ರಿಂಟ್‌ಗಳು ಬರುತ್ತವೆ. ರೆಸಿಸ್ಟರ್, ಐ.ಸಿ., ಎಲ್.ಇ.ಡಿ. ಎಲ್ಲಕ್ಕೂ ಇವೆ. ಆದರೆ ಅವು ಕಾರ್ಖಾನೆಯಲ್ಲಿ ತಯಾರಾಗುವ ಬೋರ್ಡಿಗೆ ಹೊಂದಿಸಿದವು. ಕಾರ್ಖಾನೆಯ ಬೋರ್ಡಿನಲ್ಲಿ ತೂತಿನ ಒಳಗೋಡೆಗೂ ತಾಮ್ರ ಲೇಪಿಸಿರುತ್ತಾರೆ. ಬೆಸುಗೆ ತೂತಿನೊಳಗೆ ಇಳಿದು ಮೇಲೆ ಕೆಳಗೆ ಎರಡೂ ಕಡೆ ಹಿಡಿಯುತ್ತದೆ. ಪ್ಯಾಡು ಚಿಕ್ಕದಾದರೂ ನಡೆಯುತ್ತದೆ.

ಮನೆಯ ಬೋರ್ಡು ಹಾಗಲ್ಲ. ತಾಮ್ರ ಒಂದೇ ಕಡೆ, ಅದೂ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ, ಅಂಟಿನ ಬಲದಲ್ಲಿ ನಿಂತದ್ದು. ಬೆಸುಗೆ ಐರನ್ನಿನ ಬಿಸಿ ಒಂದು ಕ್ಷಣ ಹೆಚ್ಚಾದರೆ ಅಂಟು ಬಿಡುತ್ತದೆ. ತೂತು ಕೊರೆಯುವುದು ಕೈಯಲ್ಲಿ. ಡ್ರಿಲ್ ಬಿಟ್ ನಡುವಿನಿಂದ 0.3 ಮಿ.ಮೀ. ಸರಿಯುವುದು ದೊಡ್ಡ ಮಾತಲ್ಲ. ಕೀಕ್ಯಾಡಿನ ಸಾಮಾನ್ಯ ಡಿಪ್ (ಎರಡು ಸಾಲು ಕಾಲಿನ) ಐ.ಸಿ. ಫುಟ್‌ಪ್ರಿಂಟ್‌ನಲ್ಲಿ ಪ್ಯಾಡು 1.6 ಮಿ.ಮೀ., ತೂತು 0.8 ಮಿ.ಮೀ. ಅಂದರೆ ತೂತಿನ ಸುತ್ತ ಉಳಿಯುವ ತಾಮ್ರದ ಬಳೆ 0.4 ಮಿ.ಮೀ. ಬಿಟ್ 0.3 ಸರಿಯಿತೆಂದರೆ ಒಂದು ಪಕ್ಕದಲ್ಲಿ ಉಳಿದದ್ದು 0.1. ಅದಕ್ಕೆ ಬೆಸುಗೆ ಹಿಡಿಯುವುದು ಹೇಗೆ?

ಆದ್ದರಿಂದ ಸಂಗ್ರಹದಲ್ಲಿ ಇಲ್ಲದ ಭಾಗಕ್ಕೆ ಮಾತ್ರವಲ್ಲ, ಇರುವ ಭಾಗಕ್ಕೂ ಮನೆಯ ಬೋರ್ಡಿಗೆ ಬೇರೆ ಫುಟ್‌ಪ್ರಿಂಟ್ ಬೇಕು. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ.

ಮೊದಲು ಬಿಟ್‌ಗಳ ಡಬ್ಬಿ ತೆರೆಯಿರಿ

ಕಂಪ್ಯೂಟರ್ ಹಾಕುವ ಮೊದಲು ನಿಮ್ಮಲ್ಲಿ ಯಾವ ಅಳತೆಯ ಡ್ರಿಲ್ ಬಿಟ್ ಇವೆ ನೋಡಿ. 0.8, 1.0, 1.3 ಮಿ.ಮೀ. ಮೂರಿದ್ದರೆ ಈ ಬೋರ್ಡು ಮುಗಿಯುತ್ತದೆ. 0.95 ಮಿ.ಮೀ. ತೂತೆಂದು ತೆರೆಯಲ್ಲಿ ಬರೆದು ಸುಖವಿಲ್ಲ; ಕೈಯಲ್ಲಿರುವ ಬಿಟ್ಟಿನ ಅಳತೆಯೇ ಫುಟ್‌ಪ್ರಿಂಟ್‌ನಲ್ಲೂ ಇರಲಿ.

ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಒಂದು ಬೇಕು. ಇದರಲ್ಲಿ ಜಿಪುಣತನ ಬೇಡ. ಸ್ಕೇಲಿನಲ್ಲಿ ಅಳೆದು ಬಿಡಿಸಿದ ಫುಟ್‌ಪ್ರಿಂಟ್ ಎರಡು ಕಾಲಿನ ಭಾಗಕ್ಕೆ ಹೇಗೋ ನಡೆದೀತು, ಐದು ಕಾಲಿನ ರಿಲೇಗೆ ನಡೆಯದು. ಜೊತೆಗೆ ಒಂದು ತುಂಡು ಥರ್ಮಾಕೋಲ್, ಗ್ರಾಫ್ ಹಾಳೆ, ಮಲ್ಟಿಮೀಟರ್. ಬಿಡಿಭಾಗಗಳನ್ನು ಎಲ್ಲಕ್ಕಿಂತ ಮೊದಲು ತಂದಿಟ್ಟುಕೊಳ್ಳಿ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಅಂಗಡಿಯವರು ಕೊಡುವ ಬಜರ್ ಕಳೆದ ಸಲದ್ದೇ ಆಗಿರಬೇಕೆಂದಿಲ್ಲ. 12 ಮಿ.ಮೀ. ಅಗಲದ ಬಜರಿನಲ್ಲೇ ಕಾಲುಗಳ ಅಂತರ 7.6 ಮಿ.ಮೀ. ಇರುವುದೂ 6.5 ಮಿ.ಮೀ. ಇರುವುದೂ ಬರುತ್ತದೆ. ನೋಡಲು ಎರಡೂ ಒಂದೇ. ಕೈಯಲ್ಲಿ ಹಿಡಿದಿರುವ ಭಾಗಕ್ಕೆ ಮಾತ್ರ ಫುಟ್‌ಪ್ರಿಂಟ್ ಬಿಡಿಸಬೇಕು, ತರಲಿರುವ ಭಾಗಕ್ಕಲ್ಲ.

ಅಳೆಯುವ ಕ್ರಮ

ಫುಟ್‌ಪ್ರಿಂಟ್‌ಗೆ ಬೇಕಾದದ್ದು ಕಾಲಿನ ನಡುವಿನಿಂದ ಕಾಲಿನ ನಡುವಿಗೆ ಇರುವ ದೂರ. ಕ್ಯಾಲಿಪರ್ ನಡುವನ್ನು ಹಿಡಿಯಲಾರದು, ಅಂಚನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಎರಡು ಅಳತೆ ತೆಗೆಯಿರಿ: ಎರಡು ಕಾಲುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಒಂದು, ಒಳ ಅಂಚಿನಿಂದ ಒಳ ಅಂಚಿಗೆ ಇನ್ನೊಂದು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಡುವಿನ ದೂರ. ಹೊರಗಿನದು 12.6, ಒಳಗಿನದು 11.4 ಬಂದರೆ ನಡುವಿನದು 12.0 ಮಿ.ಮೀ. ಒಳ ಅಂಚಿಗೆ ಕ್ಯಾಲಿಪರ್ ತೂರದಿದ್ದರೆ, ಹೊರ ಅಳತೆಯಿಂದ ಒಂದು ಕಾಲಿನ ದಪ್ಪ ಕಳೆಯಿರಿ. ಉತ್ತರ ಒಂದೇ.

ಸಾಲಾಗಿ ಕಾಲಿರುವ ಭಾಗದಲ್ಲಿ ಪಕ್ಕಪಕ್ಕದ ಎರಡು ಕಾಲನ್ನು ಅಳೆದು ನಂಬಬೇಡಿ. ಸ್ಕ್ರೂ ಟರ್ಮಿನಲ್ 5.00 ಮಿ.ಮೀ. ಅಂತರದಲ್ಲೂ ಬರುತ್ತದೆ, 5.08 ಮಿ.ಮೀ. ಅಂತರದಲ್ಲೂ ಬರುತ್ತದೆ. ಒಂದು ಅಂತರದಲ್ಲಿ ವ್ಯತ್ಯಾಸ 0.08. ಕಾಲು ಸ್ವಲ್ಪ ವಾಲಿದ್ದರೂ ಅದು ಅಳತೆಯಲ್ಲಿ ಮುಚ್ಚಿಹೋಗುತ್ತದೆ. ಮೊದಲ ಕಾಲಿನಿಂದ ಕೊನೆಯ ಕಾಲಿಗೆ ಅಳೆದು, ಕಾಲುಗಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿ. ಐದು ಕಾಲಿನ ಟರ್ಮಿನಲ್ ಆದರೆ ನಾಲ್ಕು ಅಂತರ. ಒಟ್ಟು 20.0 ಬಂದರೆ ಅಂತರ 5.00, 20.32 ಬಂದರೆ 5.08. ಈಗ ವ್ಯತ್ಯಾಸ 0.32 ಮಿ.ಮೀ., ಕ್ಯಾಲಿಪರ್ ಸುಲಭವಾಗಿ ಹೇಳುತ್ತದೆ. ಹತ್ತು ಕಾಲಿನದ್ದಕ್ಕೆ ತಪ್ಪು ಅಂತರ ಹಾಕಿದರೆ ಕೊನೆಯ ಕಾಲಿನ ಹೊತ್ತಿಗೆ 0.72 ಮಿ.ಮೀ. ಆಚೀಚೆ. ಟರ್ಮಿನಲ್ಲಿನ ಒಂದು ತುದಿ ಎದ್ದು ನಿಲ್ಲುವುದರ ಗುಟ್ಟು ಇದೇ.

ಐ.ಸಿ.ಗಳದ್ದು ನಿಶ್ಚಿತ ಅಳತೆ. ಪಕ್ಕದ ಕಾಲುಗಳ ನಡುವೆ 2.54 ಮಿ.ಮೀ., ಅಂದರೆ ಇಂಚಿನ ಹತ್ತನೇ ಒಂದು ಭಾಗ. ಯು.ಎಲ್.ಎನ್. 2803ರ ಎರಡು ಸಾಲುಗಳ ನಡುವೆ 7.62 ಮಿ.ಮೀ. ಹೊಸ ಐ.ಸಿ.ಯನ್ನು ಅಳೆದರೆ ಸಾಲುಗಳ ಅಂತರ ಇದಕ್ಕಿಂತ ಹೆಚ್ಚು ಬರುತ್ತದೆ, ಯಾಕೆಂದರೆ ಕಾಲುಗಳು ಕಾರ್ಖಾನೆಯಿಂದ ಬರುವಾಗಲೇ ಸ್ವಲ್ಪ ಹೊರಕ್ಕೆ ಚಾಚಿರುತ್ತವೆ. ಆ ಅಳತೆ ಹಾಕಬೇಡಿ. ಕಾಲುಗಳನ್ನು ಮೇಜಿನ ಮೇಲೆ ಒತ್ತಿ ನೆಟ್ಟಗೆ ಮಾಡಿ, ಫುಟ್‌ಪ್ರಿಂಟ್ 7.62ರಲ್ಲೇ ಇರಲಿ.

ರೆಸಿಸ್ಟರ್, ಡಯೋಡ್‌ಗಳಲ್ಲಿ ಅಂತರ ನೀವು ಕಾಲು ಎಲ್ಲಿ ಬಗ್ಗಿಸುತ್ತೀರೋ ಅಲ್ಲಿಗೆ. 0.25 ವ್ಯಾಟಿನ ರೆಸಿಸ್ಟರಿನ ಮೈ 6.3 ಮಿ.ಮೀ. ಆಸುಪಾಸು ಉದ್ದ, 10.16 ಮಿ.ಮೀ. ಅಂತರ ಕೊಟ್ಟರೆ ಬಗ್ಗಿಸಲು ನೆಮ್ಮದಿ, ಕೆಳಗಿಂದ ಒಂದೆರಡು ತಾಮ್ರದ ಗೆರೆ ದಾಟಿಸಲು ಜಾಗವೂ ಸಿಗುತ್ತದೆ. ಒಂದೇ ಕಡೆ ತಾಮ್ರವಿರುವ ಬೋರ್ಡಿನಲ್ಲಿ ಈ ಜಾಗಕ್ಕೆ ಬಹಳ ಬೆಲೆ.

ತೂತಿನ ಅಳತೆಗೆ ಕಾಲಿನ ದಪ್ಪ ನೋಡಿ, 0.2ರಿಂದ 0.3 ಮಿ.ಮೀ. ಸೇರಿಸಿ. ರೆಸಿಸ್ಟರಿನ ಕಾಲು 0.6 ಇದ್ದರೆ ತೂತು 0.8. 1 ಎನ್ 4007 ಡಯೋಡಿನ ಕಾಲು ಅದಕ್ಕಿಂತ ದಪ್ಪ, 1.0 ಬೇಕು. ಕಾಲು ಚೌಕವಾಗಿದ್ದರೆ ದಪ್ಪ ನೋಡಿದರೆ ಸಾಲದು, ಮೂಲೆಯಿಂದ ಮೂಲೆಗೆ ಅಳೆಯಿರಿ. ಹೆಡರ್ ಪಿನ್ನಿನ ಬದಿ 0.64 ಮಿ.ಮೀ., ಮೂಲೆಯಿಂದ ಮೂಲೆಗೆ 0.9. ಹಾಗಾಗಿ 0.8ರ ತೂತಿಗೆ ಅದು ಇಳಿಯದು, 1.0 ಬೇಕು. ಟರ್ಮಿನಲ್ಲಿನ ಕಾಲು 1.0 ಅಗಲ, 0.8 ದಪ್ಪ ಇದ್ದರೆ ಕರ್ಣ 1.28, 1.3ರ ಬಿಟ್ಟೇ ಹಾಕಬೇಕು.

ರಿಲೇ: ಇದೊಂದನ್ನು ಪೂರ್ತಿ ಮಾಡಿ ನೋಡೋಣ

ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯ ಐದು ಕಾಲಿನ ರಿಲೇ ಮೊದಲ ಪಾಠಕ್ಕೆ ಹೇಳಿ ಮಾಡಿಸಿದ ಭಾಗ. ಇದರ ಕಾಲುಗಳು 2.54ರ ಚೌಕಳಿಗೆ ಕೂರುವುದಿಲ್ಲ, ಒಂದು ಕಾಲು ಉಳಿದವುಗಳ ಸಾಲಿನಲ್ಲೂ ಇಲ್ಲ.

ಗ್ರಾಫ್ ಹಾಳೆಯನ್ನು ಥರ್ಮಾಕೋಲ್ ಮೇಲಿಟ್ಟು, ರಿಲೇಯನ್ನು ನೆಟ್ಟಗೆ ಹಿಡಿದು, ಮೈಯ ಅಂಚು ಗ್ರಾಫಿನ ಗೆರೆಗೆ ಸರಿಹೊಂದುವಂತೆ ನೋಡಿ ಒತ್ತಿ. ತೆಗೆಯುವ ಮೊದಲು ಪೆನ್ಸಿಲಿನಿಂದ ಮೈಯ ಸುತ್ತ ಗೆರೆ ಎಳೆಯಿರಿ. ಈಗ ಕಾಗದದ ಮೇಲೆ ಐದು ತೂತುಗಳಿವೆ, ಸುತ್ತ ಸುಮಾರು 19 ಮಿ.ಮೀ. ಉದ್ದ, 15.5 ಮಿ.ಮೀ. ಅಗಲದ ಚೌಕಟ್ಟು. ಮೇಲಿನಿಂದ ನೋಡಿದಾಗ ಕಾಣುವ ಈ ಚಿತ್ರವೇ ಫುಟ್‌ಪ್ರಿಂಟ್. ಕಾಲುಗಳ ದಿಕ್ಕು ಎಡವೋ ಬಲವೋ ಎಂಬ ಗೊಂದಲ ಇಲ್ಲಿಗೇ ಮುಗಿಯಿತು.

ಈ ಗೊಂದಲ ಸಣ್ಣದಲ್ಲ. ರಿಲೇಗಳ ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರದ ಹಾಳೆಯಲ್ಲಿ) ಕಾಲುಗಳ ಚಿತ್ರ ಹಲವು ಸಲ ಕೆಳಗಿನಿಂದ ನೋಡಿದ ನೋಟ, ಐ.ಸಿ.ಗಳದ್ದು ಮೇಲಿನಿಂದ ನೋಡಿದ ನೋಟ. ಚಿತ್ರದ ಪಕ್ಕ ಸಣ್ಣ ಅಕ್ಷರದಲ್ಲಿ ಬಾಟಮ್ ವ್ಯೂ ಎಂದಿರುತ್ತದೆ. ಕೀಕ್ಯಾಡಿನಲ್ಲಿ ಫುಟ್‌ಪ್ರಿಂಟ್ ಬಿಡಿಸುವುದು ಯಾವಾಗಲೂ ಭಾಗ ಕೂರುವ ಕಡೆಯಿಂದ ನೋಡಿದ ಹಾಗೆ. ತಾಮ್ರ ಕೆಳಗಿದ್ದರೂ ಅಷ್ಟೇ. ನೀವೇ ತಲೆಯಲ್ಲಿ ತಿರುಗಿಸಲು ಹೋಗಬೇಡಿ; ತಂತ್ರಾಂಶ ಬೋರ್ಡಿನ ಮೂಲಕ ಆಚೆಗೆ ಕಾಣುವ ಹಾಗೆ ಕೆಳಗಿನ ತಾಮ್ರವನ್ನು ತೋರಿಸುತ್ತದೆ.

ಮಲ್ಟಿಮೀಟರ್ ತೆಗೆದು ಯಾವ ಕಾಲು ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ. 12 ವೋಲ್ಟಿನ ರಿಲೇಯಲ್ಲಿ ಯಾವ ಎರಡು ಕಾಲುಗಳ ನಡುವೆ 400 ಓಮ್ ಆಸುಪಾಸು ತೋರುತ್ತದೋ ಅದು ಕಾಯಿಲ್, ಅಂದರೆ ಸ್ವಿಚ್ಚನ್ನು ಎಳೆಯುವ ತಂತಿಯ ಸುರುಳಿ. 12 ವೋಲ್ಟಿಗೆ 30 ಮಿಲಿ ಆಂಪಿಯರ್ ಎಳೆಯುತ್ತದೆ, ಯು.ಎಲ್.ಎನ್. 2803ಕ್ಕೆ ಇದು ಹಗುರ. ಕಾಯಿಲಿನ ಎರಡು ಕಾಲುಗಳ ನಡುವೆ, ಸ್ವಲ್ಪ ಹೊರಗೆ ಇರುವ ಒಂಟಿ ಕಾಲು ಕಾಮನ್. ಕರೆಂಟ್ ಇಲ್ಲದಾಗ ಕಾಮನ್ನಿಗೆ ಕೂಡಿಕೊಂಡಿರುವ ಕಾಲು ಎನ್.ಸಿ., ಇನ್ನುಳಿದದ್ದು ಎನ್.ಓ. ನಮ್ಮ ದೀಪಕ್ಕೆ ಬೇಕಾದದ್ದು ಎನ್.ಓ.

ಕ್ಯಾಲಿಪರಿನಲ್ಲಿ ಅಳೆದರೆ ಈ ಜಾತಿಯ ರಿಲೇಯಲ್ಲಿ ಬರುವ ಲೆಕ್ಕ ಹೀಗಿರುತ್ತದೆ. ಕಾಯಿಲಿನ ಎರಡು ಕಾಲುಗಳ ನಡುವೆ 12 ಮಿ.ಮೀ. ಕಾಮನ್ ಕಾಲು ಆ ಎರಡರ ನಟ್ಟನಡುವೆ, ಆದರೆ 2 ಮಿ.ಮೀ. ಹಿಂದಕ್ಕೆ. ಕಾಯಿಲ್ ಸಾಲಿನಿಂದ ಎನ್.ಸಿ., ಎನ್.ಓ. ಸಾಲಿಗೆ 12.2 ಮಿ.ಮೀ., ಆ ಎರಡರ ನಡುವೆಯೂ 12. ನಿಮ್ಮದರಲ್ಲಿ ದಶಾಂಶದಷ್ಟು ಬೇರೆ ಬಂದರೆ ನಿಮ್ಮ ಅಳತೆಯನ್ನೇ ಹಾಕಿ.

ಈಗ ಕೀಕ್ಯಾಡಿನ ಫುಟ್‌ಪ್ರಿಂಟ್ ಎಡಿಟರ್ ತೆರೆಯಿರಿ.

1. ಫೈಲ್ ಮೆನುವಿನಲ್ಲಿ ನ್ಯೂ ಲೈಬ್ರರಿ ಆರಿಸಿ, ಪ್ರಾಜೆಕ್ಟ್ ಎಂಬುದನ್ನು ಒತ್ತಿ, ಪ್ರಾಜೆಕ್ಟಿನ ಫೋಲ್ಡರಿನೊಳಗೇ ಉಳಿಸಿ. ಕಂಪ್ಯೂಟರ್ ಬದಲಾದರೂ ಫೋಲ್ಡರ್ ನಕಲು ಮಾಡಿದರೆ ಎಲ್ಲ ಜೊತೆಗೇ ಬರುತ್ತದೆ.

2. ನ್ಯೂ ಫುಟ್‌ಪ್ರಿಂಟ್ ಒತ್ತಿ ಹೆಸರು ಕೊಡಿ, ಬಗೆ ಥ್ರೂ ಹೋಲ್ (ಕಾಲು ತೂತಿನಲ್ಲಿ ಇಳಿಯುವಂಥದ್ದು) ಇರಲಿ. ಅಳತೆಯ ಮಾನ ಮಿಲಿಮೀಟರಿಗೆ ಬಂದಿದೆಯೇ ನೋಡಿ.

3. ಪ್ಯಾಡ್ ಒಂದನ್ನು ಎಲ್ಲಾದರೂ ಇಟ್ಟು, ಅದರ ಮೇಲೆ ಇ ಕೀ ಒತ್ತಿದರೆ ಗುಣಗಳ ಪಟ್ಟಿ ತೆರೆಯುತ್ತದೆ. ಮೌಸಿನಿಂದ ಎಳೆದು ಜಾಗ ಹೊಂದಿಸುವುದು ಬೇಡ, ಎಕ್ಸ್ ಮತ್ತು ವೈ ಅಂಕಿಗಳನ್ನೇ ಬರೆಯಿರಿ. ಕಾಮನ್ ಕಾಲಿಗೆ 0, 0. ಕಾಯಿಲ್ ಕಾಲುಗಳಿಗೆ 2, 6 ಮತ್ತು 2, −6. ಇನ್ನೆರಡಕ್ಕೆ 14.2, 6 ಮತ್ತು 14.2, −6. ಇಲ್ಲಿ ವೈ ಅಂಕಿ ಕೆಳಕ್ಕೆ ಹೋದಂತೆ ಹೆಚ್ಚಾಗುತ್ತದೆ, ಶಾಲೆಯ ಗ್ರಾಫಿಗೆ ತಲೆಕೆಳಗು. ಎನ್.ಸಿ., ಎನ್.ಓ. ಅದಲು ಬದಲಾಗುವುದು ಈ ಒಂದು ಕಾರಣಕ್ಕೆ. ಅಂಕಿ ಹಾಕಿದ ಮೇಲೆ ತೆರೆಯ ಚಿತ್ರವನ್ನು ಗ್ರಾಫ್ ಹಾಳೆಯ ಜೊತೆ ಪಕ್ಕದಲ್ಲಿಟ್ಟು ನೋಡಿ.

4. ತೂತು 1.3 ಮಿ.ಮೀ. ಪ್ಯಾಡು 2.5 ಮಿ.ಮೀ. ಬಳೆ 0.6 ಉಳಿಯುತ್ತದೆ.

5. ಪ್ಯಾಡಿನ ನಂಬರು ಸರ್ಕಿಟ್ ಚಿತ್ರದ ಸಂಕೇತದಲ್ಲಿರುವ ನಂಬರಿಗೆ ಅಕ್ಷರಶಃ ಹೊಂದಬೇಕು. ಕೀಕ್ಯಾಡಿನ ಕೆಲವು ರಿಲೇ ಸಂಕೇತಗಳಲ್ಲಿ ಕಾಲುಗಳ ಹೆಸರು 1ರಿಂದ 5, ಕೆಲವದರಲ್ಲಿ ಕಾಯಿಲಿಗೆ ಎ1, ಎ2, ಕಾಮನ್ನಿಗೆ 11, ಎನ್.ಸಿ.ಗೆ 12, ಎನ್.ಓ.ಗೆ 14. ನೀವು ಬಳಸಿದ ಸಂಕೇತ ತೆರೆದು ನೋಡಿ ಅದನ್ನೇ ಬರೆಯಿರಿ. ಹೊಂದದಿದ್ದರೆ ಆ ಪ್ಯಾಡಿಗೆ ಸಂಪರ್ಕದ ಗೆರೆಯೇ ಬರುವುದಿಲ್ಲ.

6. ಬೋರ್ಡಿನ ಮೇಲೆ ಗೆರೆ, ಅಕ್ಷರ ಅಚ್ಚು ಹಾಕುವ ಸಿಲ್ಕ್‌ಸ್ಕ್ರೀನ್ ಪದರದಲ್ಲಿ ಮೈಯ ಚೌಕಟ್ಟು ಎಳೆಯಿರಿ. ಮನೆಯ ಬೋರ್ಡಿನಲ್ಲಿ ಸಿಲ್ಕ್‌ಸ್ಕ್ರೀನ್ ಇಲ್ಲದಿದ್ದರೂ, ಜೋಡಿಸುವಾಗ ನೋಡಲು ಮುದ್ರಿಸಿಟ್ಟುಕೊಳ್ಳುವ ಹಾಳೆಯಲ್ಲಿ ಇದು ಬೇಕೇ ಬೇಕು. ಅದರ ಹೊರಗೆ ಅರ್ಧ ಮಿ.ಮೀ. ಬಿಟ್ಟು ಕೋರ್ಟ್‌ಯಾರ್ಡ್ ಪದರದಲ್ಲಿ ಇನ್ನೊಂದು ಚೌಕಟ್ಟು. ಇನ್ನೊಂದು ಭಾಗ ಈ ಗಡಿಯೊಳಗೆ ನುಗ್ಗಿದರೆ ತಪಾಸಣೆಯಲ್ಲಿ ತಂತ್ರಾಂಶ ಎಚ್ಚರಿಸುತ್ತದೆ. ಸ್ಕ್ರೂ ಟರ್ಮಿನಲ್ಲಿಗೆ ತಂತಿ ಬರುವ ಬದಿಯಲ್ಲಿ ಈ ಗಡಿಯನ್ನು ಧಾರಾಳವಾಗಿ ಹೊರಕ್ಕೆ ಚಾಚಿ.

ಉಳಿಸಿದ ಮೇಲೆ ಸರ್ಕಿಟ್ ಚಿತ್ರಕ್ಕೆ ಬಂದು ರಿಲೇ ಸಂಕೇತದ ಮೇಲೆ ಎಫ್ ಕೀ ಒತ್ತಿ, ನಿಮ್ಮ ಫುಟ್‌ಪ್ರಿಂಟ್ ಆರಿಸಿ. ಬೋರ್ಡ್ ಎಡಿಟರಿನಲ್ಲಿ ಎಫ್ 8 ಒತ್ತಿದರೆ ಅದು ಅಲ್ಲಿಗೆ ಬರುತ್ತದೆ.

230 ವೋಲ್ಟ್ ಇಲ್ಲಿ ಬೇಡ

ತೋಟದ ಪಂಪನ್ನೇ ಈ ರಿಲೇಗೆ ಸೇರಿಸಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ಬೋರ್ಡಿನಲ್ಲಿ ಬೇಡವೆಂದು ಕೈಮುಗಿದು ಹೇಳುತ್ತೇನೆ. ಕಾರಣ ನೀವೀಗ ಬಿಡಿಸಿದ ಫುಟ್‌ಪ್ರಿಂಟ್‌ನಲ್ಲೇ ಇದೆ. ಕಾಮನ್ ಕಾಲಿನಿಂದ ಕಾಯಿಲ್ ಕಾಲಿಗೆ ನಡುವಿನಿಂದ ನಡುವಿಗೆ 6.3 ಮಿ.ಮೀ. ದೂರ. 2.5 ಮಿ.ಮೀ. ಪ್ಯಾಡು ಹಾಕಿದಾಗ ತಾಮ್ರದಿಂದ ತಾಮ್ರಕ್ಕೆ ಉಳಿದದ್ದು 3.8. ಪ್ಯಾಡನ್ನು 3 ಮಿ.ಮೀ. ಮಾಡಿದರೆ 3.3. ಒಂದು ಕಡೆ ಕರೆಂಟಿನ ಲೈನು, ಇನ್ನೊಂದು ಕಡೆ ಟಾಂಕಿಯ ನೀರಿನೊಳಗೆ ಇಳಿದಿರುವ ತಂತಿಯ ಸರ್ಕಿಟು. ನಮ್ಮ ಮಳೆಗಾಲದ ತೇವ, ಬೆಸುಗೆಯ ಪೇಸ್ಟಿನ ಕಲೆ, ಇರುವೆ, ಹಲ್ಲಿ ಎಲ್ಲವೂ ಆ ಸಣ್ಣ ಜಾಗದಲ್ಲಿ ಸೇರುತ್ತವೆ. ಅನುಭವಸ್ಥರು ಅಲ್ಲಿ ಬೋರ್ಡನ್ನೇ ಸೀಳಿ ಗಾಳಿಯ ಅಂತರ ಮಾಡುತ್ತಾರೆ. ನೀವು ಮೊದಲ ಬೋರ್ಡಿನಲ್ಲಿ 12 ವೋಲ್ಟಿನ ದೀಪ, ಬಜರ್ ಇಷ್ಟಕ್ಕೇ ನಿಲ್ಲಿ.

ಉಳಿದ ಭಾಗಗಳಿಗೆ

ರಿಲೇ ಬಿಡಿಸಿದವರಿಗೆ ಬಾಕಿಯದು ಸುಲಭ. ಐ.ಸಿ.ಗೆ ಶೂನ್ಯದಿಂದ ಶುರುಮಾಡಬೇಕಿಲ್ಲ. ಕೀಕ್ಯಾಡಿನ 18 ಕಾಲಿನ ಡಿಪ್ ಫುಟ್‌ಪ್ರಿಂಟ್ ತೆರೆದು, ಸೇವ್ ಆ್ಯಸ್ ಮಾಡಿ ನಿಮ್ಮ ಲೈಬ್ರರಿಗೆ ತನ್ನಿ. ಒಂದು ಪ್ಯಾಡನ್ನು ಓವಲ್ ಮಾಡಿ: ಸಾಲಿನ ಉದ್ದಕ್ಕೆ 1.8, ಅಡ್ಡಕ್ಕೆ 2.8 ಮಿ.ಮೀ. ಆಮೇಲೆ ಪುಶ್ ಪ್ಯಾಡ್ ಪ್ರಾಪರ್ಟೀಸ್ ಎಂಬ ಆಜ್ಞೆಯಿಂದ ಉಳಿದವಕ್ಕೂ ಅದನ್ನೇ ಹಂಚಿ. ಪಕ್ಕದ ಪ್ಯಾಡುಗಳ ನಡುವೆ 0.74 ಮಿ.ಮೀ. ಬಿಡುವು ಉಳಿಯುತ್ತದೆ, ಲೇಸರ್ ಪ್ರಿಂಟಿನ ಟೋನರನ್ನು (ಪುಡಿ ಶಾಯಿಯನ್ನು) ಇಸ್ತ್ರಿಯಿಂದ ತಾಮ್ರಕ್ಕೆ ಇಳಿಸುವ ನಮ್ಮ ಕ್ರಮಕ್ಕೆ ಸಾಕು. ಆ ಸಂದಿಯಲ್ಲಿ ತಾಮ್ರದ ಗೆರೆ ನುಗ್ಗಿಸಲು ಮಾತ್ರ ಹೋಗಬೇಡಿ. 1ನೇ ಕಾಲಿನ ಪ್ಯಾಡನ್ನು ಆಯತವಾಗಿ ಮಾಡಿಡಿ. ಬೋರ್ಡು ತಿರುಗಿಸಿ ಹಿಡಿದು ಬೆಸುಗೆ ಹಾಕುವಾಗ ಯಾವ ತುದಿ ಯಾವುದು ಎಂದು ತಾಮ್ರವೇ ಹೇಳುವಂತಿರಬೇಕು. 9ನೇ ಕಾಲು ಗ್ರೌಂಡಿಗೆ (ಸರ್ಕಿಟಿನ ಸೊನ್ನೆ ವೋಲ್ಟಿಗೆ), 10ನೇ ಕಾಲು 12 ವೋಲ್ಟಿಗೆ; ರಿಲೇ ಕಾಯಿಲ್ ಬಿಡುವಾಗ ಏಳುವ ವೋಲ್ಟೇಜನ್ನು ತಡೆಯುವ ಡಯೋಡ್ ಐ.ಸಿ.ಯ ಒಳಗೇ ಇದೆ, 10ನೇ ಕಾಲು ಜೋಡಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಬಿ.ಸಿ. 547ರಂಥ ಟ್ರಾನ್ಸಿಸ್ಟರ್ ಹಾಕುವುದಾದರೆ, ಅದರ ಕಾಲುಗಳ ಸಹಜ ಅಂತರ 1.27 ಮಿ.ಮೀ. 1.8ರ ಪ್ಯಾಡು ಇಟ್ಟರೆ ಒಂದರ ಮೇಲೊಂದು ಬೀಳುತ್ತದೆ. ಕಾಲುಗಳನ್ನು ಅಗಲಿಸಿ 2.54ಕ್ಕೆ ಬಿಡಿಸಿ. ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲು ಕೆಳಗಿದ್ದಾಗ ಇದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪ್ಲಾಸ್ಟಿಕ್ ಮೈಯ ಪಿ.ಎನ್. 2222ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಬದಲು ಇನ್ನೊಂದನ್ನು ಹಾಗೆಯೇ ಕೂರಿಸಲಾಗದು.

ಬಜರ್ ನಿಲ್ಲಿಸಲು ಒತ್ತುವ ನಾಲ್ಕು ಕಾಲಿನ ಚಿಕ್ಕ ಸ್ವಿಚ್ಚಿನಲ್ಲಿ ಕಾಲುಗಳು 6.5ಕ್ಕೆ 4.5 ಮಿ.ಮೀ. ಆಯತದ ಮೂಲೆಗಳಲ್ಲಿವೆ. 6.5 ಮಿ.ಮೀ. ದೂರದಲ್ಲಿರುವ ಜೋಡಿ ಒಳಗೇ ಕೂಡಿಕೊಂಡಿದೆ. ಅಂಥ ಎರಡು ಪ್ಯಾಡಿಗೂ ಒಂದೇ ನಂಬರು ಕೊಡಬಹುದು, ಕೀಕ್ಯಾಡ್ ಒಪ್ಪುತ್ತದೆ. ಒಂದೇ ಕಡೆ ತಾಮ್ರವಿರುವ ಬೋರ್ಡಿನಲ್ಲಿ ಈ ಜೋಡಿಯನ್ನು ಇನ್ನೊಂದು ತಾಮ್ರದ ಗೆರೆಯನ್ನು ದಾಟುವ ಸೇತುವೆಯಾಗಿಯೂ ಬಳಸಿಕೊಳ್ಳಬಹುದು.

ಶಾಲೆಯ ಲಿಟಲ್ ಕೈಟ್ಸ್ ಐ.ಟಿ. ಕ್ಲಬ್ಬಿನ ತರಗತಿಯಲ್ಲಿ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಹಿಡಿದ ಮಕ್ಕಳಿಗೆ ಒಂದು ಮಾತು. ಊನೋ ಮೇಲೆ ಕೂರುವ ಬೋರ್ಡು ಮಾಡುವಾಗ 7 ಮತ್ತು 8ನೇ ಡಿಜಿಟಲ್ ಪಿನ್ನುಗಳ ನಡುವೆ 2.54 ಅಲ್ಲ, 4.06 ಮಿ.ಮೀ. ಇದೆ. ನಾಲ್ಕು ಹೆಡರುಗಳನ್ನು ಬೇರೆ ಬೇರೆ ಇಟ್ಟು ಹೊಂದಿಸುವ ಬದಲು, ನಾಲ್ಕೂ ಸೇರಿದ ಒಂದೇ ಫುಟ್‌ಪ್ರಿಂಟ್ ಬಳಸಿ.

ಕಾಗದದ ಪರೀಕ್ಷೆ

ಇದನ್ನು ಬಿಟ್ಟು ತಾಮ್ರ ಮುಟ್ಟಬೇಡಿ. ಬೋರ್ಡಿನ ಪಕ್ಕದಲ್ಲಿ 100 ಮಿ.ಮೀ. ಉದ್ದದ ಗೆರೆಯೊಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಎಳೆಯಿರಿ. ಕೆಳಗಿನ ತಾಮ್ರದ ಪದರವನ್ನು ಪಿ.ಡಿ.ಎಫ್. ಮಾಡುವಾಗ ಅಳತೆ 1:1 ಇರಲಿ, ಮಿರರ್ ಬೇಡ, ಡ್ರಿಲ್ ಮಾರ್ಕ್ ಎಂಬಲ್ಲಿ ಸ್ಮಾಲ್ ಆರಿಸಿ. ಆಗ ಪ್ರತಿ ಪ್ಯಾಡಿನ ನಡುವೆ ಸಣ್ಣ ಚುಕ್ಕೆಯಷ್ಟು ಬಿಳಿ ಉಳಿಯುತ್ತದೆ. ತಾಮ್ರ ಕರಗಿದ ಮೇಲೆ ಅಲ್ಲೊಂದು ಕುಳಿ, ಬಿಟ್ ತಾನಾಗಿ ಅದರಲ್ಲಿ ಕೂರುತ್ತದೆ. ಕೈಡ್ರಿಲ್ಲಿನಲ್ಲಿ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಮನೆಯಲ್ಲಿ ಲೇಸರ್ ಪ್ರಿಂಟರ್ ಇಲ್ಲದವರು ಅಕ್ಷಯ ಕೇಂದ್ರಕ್ಕೋ ಝೆರಾಕ್ಸ್ ಅಂಗಡಿಗೋ ಹೋಗಬೇಕು. ಟೋನರ್ ಬೇಕಾದ್ದರಿಂದ ಇಂಕ್‌ಜೆಟ್ ಆಗದು. ಅಲ್ಲಿ ಅರ್ಜಿ, ಆಧಾರ್ ಪ್ರತಿ ಮುದ್ರಿಸುವ ರೂಢಿಯಲ್ಲಿ ಫಿಟ್ ಟು ಪೇಜ್ ಹಾಕಿಯೇ ಇಟ್ಟಿರುತ್ತಾರೆ. ಅದನ್ನು ತೆಗೆದು ಆ್ಯಕ್ಚುವಲ್ ಸೈಜ್ ಮಾಡಿಸಿ. ಹಾಳೆ ಕೈಗೆ ಬಂದ ಕೂಡಲೇ, ಹಣ ಕೊಡುವ ಮೊದಲೇ, 100 ಮಿ.ಮೀ. ಗೆರೆಗಳನ್ನು ಅಳೆಯಿರಿ. 97 ಬಂದಿದ್ದರೆ ನಿಮ್ಮ ಐ.ಸಿ.ಯ 20.32 ಮಿ.ಮೀ. ಉದ್ದದ ಸಾಲು 0.6 ಮಿ.ಮೀ. ಕುಗ್ಗಿದೆ. ಒಂದು ಗೆರೆ ಸರಿಯಿದ್ದು ಇನ್ನೊಂದು ಕುಗ್ಗಿದ್ದರೆ ಪ್ರಿಂಟರ್ ಕಾಗದವನ್ನು ಎಳೆಯುವಲ್ಲಿ ತೊಂದರೆ, ಬೇರೆ ಅಂಗಡಿ ನೋಡಿ.

ಈಗ ಹಾಳೆಯನ್ನು ಥರ್ಮಾಕೋಲ್ ಮೇಲೆ ಅಂಟಿಸಿ, ಮುದ್ರಣದ ಮುಖ ಮೇಲಿರಲಿ, ಪ್ರತಿ ಭಾಗವನ್ನೂ ಅದರ ಜಾಗದಲ್ಲಿ ಚುಚ್ಚಿ ನಿಲ್ಲಿಸಿ. ಎಲ್ಲ ಕಾಲುಗಳೂ ಚುಕ್ಕೆಯ ಮೇಲೆಯೇ ಇಳಿಯಬೇಕು. ಒಂದು ಕಾಲನ್ನು ಬಗ್ಗಿಸಿ ಹೊಂದಿಸಬೇಕಾಗಿ ಬಂದರೆ ಫುಟ್‌ಪ್ರಿಂಟ್ ತಪ್ಪಿದೆ ಎಂದೇ ತಿಳಿದು ಎಡಿಟರಿಗೆ ಮರಳಿ. ಎಲ್ಲ ಭಾಗ ನಿಂತ ಮೇಲೆ ಟರ್ಮಿನಲ್ಲಿಗೆ ಸ್ಕ್ರೂಡ್ರೈವರ್ ತಾಗಿಸಿ ನೋಡಿ. ತಂತಿಯ ತುಂಡೊಂದನ್ನು ತೂರಿಸಿ ನೋಡಿ. ರಿಲೇಯ ಡಬ್ಬಿ ಅಡ್ಡ ಬಂದರೆ ಈಗಲೇ ಗೊತ್ತಾಗುತ್ತದೆ.

ಟೋನರಿನಿಂದ ತಾಮ್ರಕ್ಕೆ ಇಳಿಸಲೂ ಮಿರರ್ ಮಾಡದ ಇದೇ ಮುದ್ರಣ ಸಾಕು. ಮೇಲಿನಿಂದ ಕಾಣುವ ಹಾಗೆ ಮುದ್ರಿಸಿದ್ದು ಬೋರಲು ಹಾಕಿ ಇಸ್ತ್ರಿ ಒತ್ತಿದಾಗ ತಾನಾಗಿ ತಿರುಗಿ ಕೂರುತ್ತದೆ. ತಾಮ್ರದ ಪದರದಲ್ಲಿ ಅಕ್ಷರ ಬರೆದಿದ್ದರೆ ಅದು ಕಾಗದದಲ್ಲಿ ಉಲ್ಟಾ ಕಾಣಬೇಕು. ನೆಟ್ಟಗೆ ಕಂಡರೆ ಏನೋ ತಪ್ಪಿದೆ. ಹಾಗಾಗಿ ಬೋರ್ಡಿನ ಮೂಲೆಯಲ್ಲಿ ಊರಿನ ಹೆಸರೋ ತಾರೀಕೋ ತಾಮ್ರದಲ್ಲಿ ಬರುವಂತೆ ಬರೆದಿಡುವುದು ಒಳ್ಳೆಯ ಅಭ್ಯಾಸ.

ತಾಮ್ರ ಕರಗಿಸುವುದು ಬೇರೆಯೇ ಲೇಖನದ ವಿಷಯ. ಒಂದು ಮಾತು ಮಾತ್ರ ಇಲ್ಲಿಯೇ ಹೇಳಬೇಕು. ಬಳಸಿದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ನಮಗೆ ತಾಮ್ರದ ಗುಣ ಗೊತ್ತು; ನೀರಿನಲ್ಲಿರುವ ಜೀವಿಗಳಿಗೆ ಅದು ವಿಷ. ಕೆರೆಯ ದಂಡೆ, ಸುರಂಗದ ಬಾಯಿ, ಬಚ್ಚಲ ಹೊಂಡ ಎಲ್ಲಿಯೂ ಚೆಲ್ಲಬೇಡಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಮುಚ್ಚಿಟ್ಟರೆ ಅದೇ ದ್ರಾವಣ ಇನ್ನೂ ಹಲವು ಬೋರ್ಡಿಗೆ ಬರುತ್ತದೆ.

ಬೋರ್ಡು ಕೊರೆದು ಭಾಗಗಳು ಸಲೀಸಾಗಿ ಕೂತ ಮೇಲೆ ಲೈಬ್ರರಿಗೆ ಮರಳಿ ಬನ್ನಿ. ಯಾವ ತೂತು ಬಿಗಿಯಾಯಿತು, ಯಾವ ಪ್ಯಾಡಿಗೆ ಇನ್ನಷ್ಟು ತಾಮ್ರ ಬೇಕಿತ್ತು ಎಂಬುದು ಮನಸ್ಸಿನಲ್ಲಿರುವಾಗಲೇ ತಿದ್ದಿ. ಹೆಸರಿನಲ್ಲೇ ಅಳತೆ ಬರಲಿ: ಭಾಗ, ಕಾಲುಗಳ ಸಂಖ್ಯೆ, ಅಂತರ, ತೂತು. ಟರ್ಮಿನಲ್, 5 ಕಾಲು, 5.08, 1.3 ಎಂದು ಬರೆದಿಟ್ಟರೆ ಮುಂದಿನ ವರ್ಷ ಹುಡುಕುವಾಗ ತೆರೆದು ನೋಡುವ ಕೆಲಸವಿಲ್ಲ. ವಿವರಣೆಯ ಜಾಗದಲ್ಲಿ ಅಳೆದ ತಾರೀಕು, ಭಾಗದ ಮೈಮೇಲಿರುವ ನಂಬರು ಸೇರಿಸಿ. ಆ ಭಾಗದ್ದೇ ಒಂದು ನಮೂನೆಯನ್ನು ಗ್ರಾಫ್ ಹಾಳೆಯ ತುಂಡಿನ ಜೊತೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ, ಮುಂದಿನ ಸಲ ಅಂಗಡಿಗೆ ಹೋಗುವಾಗ ಅದನ್ನೇ ಹಿಡಿದುಕೊಂಡು ಹೋಗಿ ಕಾಲಿಗೆ ಕಾಲು ಹೊಂದಿಸಿ ನೋಡಿ ತರಬಹುದು.